ಕೈಯಲ್ಲಿ ಓದುತ್ತಿದ್ದ ಮೇಸ್ತ್ರಿ

ಅವರ ಎಡಗೈ ಹೆಬ್ಬೆರಳು ಅಂಗೈಯ ಕಡೆಗೆ ಬಾಗಿಕೊಂಡಿತ್ತು. ಪೆಟ್ಟು ಬಿದ್ದು ಹಾಗಾದದ್ದಲ್ಲ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಸ್ಟಿಕ್ಕು ಎಂಬ ಲೋಹದ ಪಟ್ಟಿಯನ್ನು ನಲವತ್ತು ವರ್ಷ ಆ ಕೈಯಲ್ಲಿ ಹಿಡಿದು, ಕಟ್ಟಿದ ಸಾಲು ಜಾರದಂತೆ ಆ ಬೆರಳಿನಿಂದಲೇ ಒತ್ತಿ ಒತ್ತಿ, ಕೊನೆಗೆ ಕೈ ಬರಿದಾಗಿದ್ದಾಗಲೂ ಅದು ಏನನ್ನೋ ಒತ್ತಿಕೊಂಡೇ ಇರುತ್ತಿತ್ತು. ಟೀ ಲೋಟ ಹಿಡಿದರೂ ಅಷ್ಟೇ, ಬೀಡಿ ಹಿಡಿದರೂ ಅಷ್ಟೇ. ಯಾರಿಗಾದರೂ ನಮಸ್ಕಾರ ಮಾಡಿದರೆ ಎರಡು ಅಂಗೈ ಪೂರ್ತಿ ಕೂಡುತ್ತಿರಲಿಲ್ಲ, ನಡುವೆ ಒಂದು ಸಂದು ಉಳಿಯುತ್ತಿತ್ತು.

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯ ಒಂದು ಪುಟ್ಟ ಅಚ್ಚುಕೂಟದಲ್ಲಿ ಅವರು ಮೊಳೆ ಜೋಡಿಸುತ್ತಿದ್ದರು. ಮೊಳೆ ಎಂದರೆ ಅಚ್ಚಿನ ಅಕ್ಷರ. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಅವರ ಕೈಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ಮೇಸ್ತ್ರಿ. ಹುಟ್ಟಿದ್ದು ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ, ಮನೆಮಾತು ತೆಲುಗು. ಕನ್ನಡ ಅಕ್ಷರ ಕಲಿತದ್ದು ಪ್ರೆಸ್ಸಿನಲ್ಲಿ ಮೊಳೆ ತುಂಬಿಡುವ ಮರದ ಗೂಡುಗಳಿಂದ, ತಮಿಳು ಕಲಿತದ್ದು ಬಜಾರಿನಿಂದ. ಆ ಪ್ರೆಸ್ಸಿನಲ್ಲಿ ತೆಲುಗು ಮೊಳೆ ಇರಲಿಲ್ಲ. “ನಮ್ಮನೆ ಮಾತು ಬಿಟ್ಟು ಮಿಕ್ಕೋರ ಮಾತೆಲ್ಲಾ ಅಚ್ಚಾಕಿದ್ದೀನಿ ಕಣಮ್ಮ” ಎಂದು ನಗುತ್ತಿದ್ದರು.

ಆಗ ನನಗೆ ಇಪ್ಪತ್ತೆರಡು. ಐವತ್ತರ ದಶಕದ ನಡುವಿನ ಮಾತು. ಅಣ್ಣ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ. ಚಾಂಪಿಯನ್ ರೀಫ್‌ನ ಲೈನಿನಲ್ಲಿ, ಗಣಿ ಕೆಲಸಗಾರರ ಮನೆಗಳ ಸಾಲಿನಲ್ಲಿ, ಅವನ ಜೊತೆಗಿದ್ದುಕೊಂಡು ನಾನು ಪೇಟೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಅಮ್ಮ ಬೂದಿಕೋಟೆಯಲ್ಲಿ ಇದ್ದಳು. ಪರೀಕ್ಷೆ ಬಂತೆಂದರೆ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸುವ ಕೆಲಸ ನನ್ನ ತಲೆಗೆ. ಪ್ರಶ್ನೆ ಹೊರಗೆ ಬೀಳಬಾರದೆಂದು ಅಚ್ಚಾಗುವ ತನಕ ಅಲ್ಲೇ ಕೂತಿರಬೇಕು. ಹಾಗೆ ಕೂತಿದ್ದ ಒಂದು ದಿನ ಬೇಜಾರು ಕಳೆಯಲು ಕಥೆ ಗೀಚುತ್ತಿದ್ದೆ.

“ಏನಮ್ಮ ಬರೀತಿರೋದು? ಪ್ರಶ್ನೆಯೆಲ್ಲಾ ಆಗ್ಲೇ ಕೊಟ್ಬಿಟ್ಟಿದ್ದೀಯಲ್ಲ” ಎಂದರು ಮೇಸ್ತ್ರಿ.

“ಕಥೆ.”

“ಎಲ್ಲಿ, ಕೊಡಿಲ್ಲಿ.”

ಕೊಟ್ಟೆ. ಹಾಳೆಯನ್ನು ಕಣ್ಣೆದುರಿನ ಗೂಡಿನ ಅಂಚಿಗೆ ಸಿಕ್ಕಿಸಿ, ಸ್ಟಿಕ್ಕು ಹಿಡಿದು, ನನ್ನ ಮೊದಲ ವಾಕ್ಯವನ್ನು ಟಕಟಕ ಜೋಡಿಸತೊಡಗಿದರು. ಇದೇನು ತಮಾಷೆಯೋ ಎಂದು ನನಗೆ ಸಿಟ್ಟು ಬಂತು. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ.

“ಓದಿ ಅಂತ ಕೊಟ್ರೆ ಜೋಡಿಸ್ತಿದ್ದೀರಲ್ಲ ಮೇಸ್ತ್ರಿ?”

“ಓದ್ತಾನೇ ಇದ್ದೀನಲ್ಲಮ್ಮ. ಕಣ್ಣಲ್ಲಿ ಓದಿದ್ರೆ ನಂಗೆ ಒಳೀಕೆ ಓಗಲ್ಲ. ಕೈಯಲ್ಲೇ ಓದ್ಬೇಕು.”

ಅದು ನಿಜವೇ ಆಗಿತ್ತು. ಪೇಪರನ್ನು ಎದುರಿಗೆ ಹಿಡಿದು ಓದು ಎಂದರೆ ನಾಲ್ಕು ಸಾಲಿಗೆ ಆಕಳಿಸುತ್ತಿದ್ದರು. ಅದೇ ನಾಲ್ಕು ಸಾಲು ಅವರ ಬೆರಳು ದಾಟಿ ಹೋದರೆ ವರ್ಷವಾದರೂ ಮರೆಯುತ್ತಿರಲಿಲ್ಲ. ಪೇಟೆಯ ಮದುವೆ ಕಾಗದಗಳೆಲ್ಲ ಬಾಯಿಪಾಠ. ಯಾರ ಮಗಳು ಯಾರಿಗೆ, ಯಾವ ಛತ್ರ, ಯಾವ ಲಗ್ನ, ಎಲ್ಲ ಹೇಳುತ್ತಿದ್ದರು. ಆ ದಿನ ಹತ್ತು ಸಾಲು ಜೋಡಿಸಿದ ಮೇಲೆ ಅವರ ಬಲಗೈ ಗೂಡಿನ ಮೇಲೆ ತಡೆಯಿತು. ಹಾಳೆಯತ್ತ ಮತ್ತೆ ನೋಡಿದರು, ಮತ್ತೆ ನೋಡಿದರು. ಕಿವಿಯ ಮೇಲಿನ ಪೆನ್ಸಿಲು ತೆಗೆದು ನನ್ನ ವಾಕ್ಯದ ಪಕ್ಕ ಒಂದು ಚುಕ್ಕೆ ಇಟ್ಟರು.

“ಇಲ್ಲಿ ಕೈ ನಿಂತೋಯ್ತು” ಎಂದರು.

“ಯಾಕೆ? ಅಕ್ಷರ ಸರಿಯಾಗಿ ಕಾಣಿಸ್ಲಿಲ್ವಾ?”

“ಅಕ್ಷರ ಮುತ್ತಿನಂಗೆ ಐತೆ. ಯಾಕೋ ನಂಗೂ ಗೊತ್ತಿಲ್ಲಮ್ಮ. ಅಲ್ಲೀಗಂಟ ಓಡ್ತಿತ್ತು, ಇಲ್ಲಿ ನಿಂತೋಯ್ತು.”

ಮನೆಗೆ ಹೋಗಿ ಆ ವಾಕ್ಯ ನೋಡಿದೆ. ‘ಆಹಾ, ವಿಧಿಲೀಲೆ ಎಷ್ಟು ವಿಚಿತ್ರ’ ಎಂದಿತ್ತು. ಎಲ್ಲೋ ಓದಿದ್ದನ್ನು ನನ್ನದೆಂದು ಬರೆದಿದ್ದೆ. ನಾಚಿಕೆಯಾಯಿತು. ಅಂದಿನಿಂದ ಬರೆದದ್ದನ್ನೆಲ್ಲ ಅವರ ಬಳಿಗೆ ಒಯ್ಯತೊಡಗಿದೆ. ಅವರು ಬಿಡುವಿದ್ದಾಗ ಒಂದೆರಡು ಪ್ಯಾರಾ ಜೋಡಿಸುವರು, ಚುಕ್ಕೆ ಇಡುವರು, ಜೋಡಿಸಿದ್ದನ್ನು ಬಿಚ್ಚಿ ಮೊಳೆಗಳನ್ನು ತಿರುಗಿ ಗೂಡಿಗೆ ಹಾಕುವರು. ಚುಕ್ಕೆ ಬಿದ್ದ ಕಡೆಯೆಲ್ಲ ನಾನು ಸುಳ್ಳು ಹೇಳಿರುತ್ತಿದ್ದೆ, ಇಲ್ಲವೇ ಜಂಭ ಕೊಚ್ಚಿರುತ್ತಿದ್ದೆ. ಅವರಿಗೆ ಕಾರಣ ಗೊತ್ತಿರುತ್ತಿರಲಿಲ್ಲ, ನನಗೆ ಗೊತ್ತಾಗುತ್ತಿತ್ತು.

ಅವರ ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ನಮ್ಮೂರಲ್ಲಿ ಆಳದ ಸುರಂಗದಲ್ಲಿ ಬಂಡೆ ಸಿಡಿದರೆ ಮೇಲೆ ನೆಲ ನಡುಗುತ್ತದೆ. ಪಾತ್ರೆಗಳು ಗಲಗಲ ಎನ್ನುತ್ತವೆ, ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಒಮ್ಮೆ ನಾನು ಪ್ರೆಸ್ಸಿನಲ್ಲಿದ್ದಾಗಲೇ ಹಾಗಾಯಿತು. ಎಲ್ಲರೂ ಬೀದಿಗೆ ಓಡಿದೆವು. ಮೇಸ್ತ್ರಿ ಮಾತ್ರ ಓಡಲಿಲ್ಲ. ಜೋಡಿಸಿ ಕಟ್ಟಿಟ್ಟಿದ್ದ ಪುಟದ ಮೇಲೆ ಎರಡು ತೋಳೂ ಚಾಚಿ ಬೋರಲು ಬಿದ್ದುಕೊಂಡಿದ್ದರು.

“ತಲೆ ಮೇಲೆ ಸೂರು ಬಿದ್ದಿದ್ರೆ?” ಎಂದು ಬೈದೆ.

“ಸೂರು ಬಿದ್ರೆ ಬೇರೇದು ಆಕ್ಬೋದು. ಇದು ಚೆಲ್ಲೋದ್ರೆ ನಾಳೆ ಬೇತಮಂಗಲದೋರಿಗೆ ಮದ್ವೆ ಕಾಗ್ದ ಯಾರಮ್ಮ ಕೊಡ್ತಾರೆ?” ಎಂದು ಅಂಗಿಗೆ ಹತ್ತಿದ ಶಾಯಿ ಒರೆಸಿಕೊಂಡರು.

ಪತ್ರಿಕೆಗಳಿಗೆ ಕಥೆ ಕಳಿಸುವುದು ಅಷ್ಟರಲ್ಲಿ ನನಗೆ ಚಟವೇ ಆಗಿತ್ತು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು, ಎಡಕ್ಕೆ ಜಾಗ ಬಿಡಬೇಕು, ವಾಪಸು ಕಳಿಸಲು ಸ್ವಂತ ವಿಳಾಸದ ಲಕೋಟೆ ಇಡಬೇಕು. ಐದು ಸಲ ನನ್ನ ಕೈಬರಹದ ಲಕೋಟೆ ನನಗೇ ಬಂದಿತ್ತು. ನಮ್ಮ ತಮಿಳು ಪೋಸ್ಟ್‌ಮ್ಯಾನಿಗೆ ಆ ಲಕೋಟೆಯ ಗುರುತು ಸಿಕ್ಕಿಬಿಟ್ಟಿತ್ತು. “ಟೀಚರ್, ತಿರುಂಬಿ ವಂದುರುಚ್ಚು” ಎಂದು, ತಿರುಗಿ ಬಂತೆಂದು, ತರಗತಿಯ ಬಾಗಿಲಲ್ಲೇ ಸಾರುತ್ತಿದ್ದ. ಮಕ್ಕಳೂ ಅದನ್ನು ಕಲಿತಿದ್ದವು.

ಆ ವರ್ಷ ನನ್ನ ಮದುವೆ ಗೊತ್ತಾಯಿತು. ಹುಡುಗ ತಮಿಳು ಸೀಮೆಯ ಜೋಲಾರ್‌ಪೇಟೆಯಲ್ಲಿ ರೈಲ್ವೆ ಗುಮಾಸ್ತ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವವರು ಯಾರೂ ಇಲ್ಲ ಎಂದು ಅಮ್ಮ ಹೇಳಿದಳು. ಅಮ್ಮನಿಗೆ ಅದು ದೊಡ್ಡ ವಿಷಯವಲ್ಲ. ನನಗೆ ಅದೇ ದೊಡ್ಡದು. ಕನ್ನಡದ ಒಂದು ಹಾಳೆಯೂ ಸಿಗದ ಊರಿಗೆ ಹೋಗಿ ಒಲೆ ಮುಂದೆ ಕೂತರೆ ನಾನು ಬರೆಯುತ್ತಿದ್ದೆ ಎನ್ನುವುದಕ್ಕೆ ಏನು ಸಾಕ್ಷಿ? ಬೆಂಗಳೂರಿನ ಒಂದು ವಾರಪತ್ರಿಕೆ ದೀಪಾವಳಿ ಕಥಾಸ್ಪರ್ಧೆ ಸಾರಿತ್ತು. ಮದುವೆಗೆ ಮುಂಚೆ ಒಂದೇ ಒಂದು ಕಥೆ ಅಚ್ಚಿನಲ್ಲಿ ಬಂದರೆ ಸಾಕು, ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಗಂಡನ ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದೆ. ಇದನ್ನು ಹೇಳಿಕೊಂಡದ್ದು ಮೇಸ್ತ್ರಿಯ ಹತ್ತಿರ ಮಾತ್ರ.

ಕಥೆ ನಮ್ಮ ಲೈನಿನದೇ. ಗಣಿಯಲ್ಲಿ ಗಂಡ ಸತ್ತ ಸುದ್ದಿ ಒಬ್ಬಾಕೆಗೆ ಬರುತ್ತದೆ. ಅವಳು ಕಂಬಕ್ಕೆ ತಲೆ ಚಚ್ಚಿಕೊಂಡು ಅರ್ಧ ಪುಟ ಗೋಳಾಡುವ ಹಾಗೆ ಬರೆದಿದ್ದೆ. ಆ ಅರ್ಧ ಪುಟದ ತುಂಬ ಚುಕ್ಕೆಗಳು ಬಿದ್ದವು.

“ಕೈ ಮುಂದಕ್ಕೇ ಓಗ್ಲಿಲ್ಲಮ್ಮ” ಎಂದರು. “ನಿಮ್ಮ ಲೈನಲ್ಲಿ ಅಂಗೆ ಸುದ್ದಿ ಬಂದಾಗ ಆಯಮ್ಮ ಏನಂದ್ಲು? ನೀನು ಅಲ್ಲೇ ಇದ್ದೆಯಲ್ಲ.”

ನೆನೆಸಿಕೊಂಡೆ. ಪಕ್ಕದ ಮನೆಯಾಕೆ ಅತ್ತಿರಲಿಲ್ಲ. ಸುದ್ದಿ ತಂದವನನ್ನು ಅವಳು ಕೇಳಿದ್ದು, ಬೂಟು ಮೇಲಕ್ಕೆ ತಂದ್ರಾ, ಹೊಸ ಬೂಟು ಕಣಪ್ಪ, ಎಂದು. ಅರ್ಧ ಪುಟ ಹೊಡೆದುಹಾಕಿ ಆ ಒಂದು ಮಾತು ಬರೆದೆ. ಮಾರನೆಯ ದಿನ ಅದನ್ನು ಜೋಡಿಸುವಾಗ ಮೇಸ್ತ್ರಿಯ ಕೈ ಎಲ್ಲೂ ನಿಲ್ಲಲಿಲ್ಲ. ಸಾಲು ಮುಗಿದ ಮೇಲೆ ಹೊರಗೆ ಹೋಗಿ ಬೀಡಿ ಹಚ್ಚಿದರು, ಬಹಳ ಹೊತ್ತು ಒಳಗೆ ಬರಲಿಲ್ಲ.

ಕಥೆಯನ್ನು ಅಚ್ಚುಕಟ್ಟಾಗಿ ನಕಲು ಮಾಡುವ ಹೊತ್ತಿಗೆ ನಿಶ್ಚಿತಾರ್ಥಕ್ಕೆಂದು ಬೂದಿಕೋಟೆಯಿಂದ ಕರೆ ಬಂತು. ಕೊನೆಯ ದಿನಾಂಕಕ್ಕೆ ಇನ್ನೂ ಮೂರು ವಾರವಿತ್ತು. “ಬಿಟ್ಟೋಗಮ್ಮ. ಒಂದ್ಸಲ ಪೂರ್ತಿ ಓದ್ಬಿಟ್ಟು ನಾನೇ ಟೈಮಿಗೆ ಸರ್ಯಾಗಿ ಪೋಸ್ಟಿಗೆ ಆಕ್ತೀನಿ” ಎಂದರು. ಕಥೆ ನನ್ನದೇ, ಎಲ್ಲೂ ಪ್ರಕಟವಾಗಿಲ್ಲ ಎಂಬ ಪ್ರಮಾಣಪತ್ರವನ್ನೂ ಲಕೋಟೆಯನ್ನೂ ಕೊಟ್ಟು, ಬಂಗಾರಪೇಟೆಗೆ ರೈಲು ಹಿಡಿದು ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಹೋದೆ. ಮನಸ್ಸು ಹಗುರವಾಗಿತ್ತು.

ನಿಶ್ಚಿತಾರ್ಥ ಮುಗಿಸಿ ಬಂದು ಕೇಳಿದಾಗ, ಪೋಸ್ಟಿಗೆ ಹಾಕಾಯಿತೆಂದು ಮೇಸ್ತ್ರಿ ನಕ್ಕಿದ್ದರು. ದೀಪಾವಳಿಗೆ ಹತ್ತು ದಿನವಿರುವಾಗ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತ. ಲಕೋಟೆ ಎಂದಿಗಿಂತ ಗಟ್ಟಿಯಾಗಿತ್ತೆಂದೋ ಏನೋ, ಈ ಸಲ ಅವನು ಸಾರಲಿಲ್ಲ. ಒಡೆದೆ. ಒಳಗೆ ನನ್ನ ಕೈಬರಹ ಇರಲಿಲ್ಲ. ಹದಿನಾರು ಪುಟದ ಒಂದು ಪುಸ್ತಿಕೆ ಇತ್ತು. ಒಳ್ಳೆಯ ಬಿಳಿ ಕಾಗದ, ನಡುವೆ ದಾರದ ಹೊಲಿಗೆ, ಮೊದಲ ಪುಟದಲ್ಲಿ ಮದುವೆ ಕಾಗದಕ್ಕೆ ಹಾಕುವ ಬಳ್ಳಿಯ ಚೌಕಟ್ಟು, ಅದರೊಳಗೆ ನನ್ನ ಕಥೆಯ ಹೆಸರು, ನನ್ನ ಹೆಸರು. ಕೊನೆಯ ಪುಟದ ತಳದಲ್ಲಿ, ಕಾಯಿದೆ ಪ್ರಕಾರ ಇರಲೇಬೇಕಾದ ಹಾಗೆ, ಪ್ರೆಸ್ಸಿನ ಹೆಸರು ಮತ್ತು ಊರು. ಜೊತೆಗೆ ಸಂಪಾದಕರ ಚೀಟಿ. ಅಚ್ಚಾದ ಕಥೆ ಸ್ಪರ್ಧೆಗೆ ಸಲ್ಲದು, ಅದರೊಂದಿಗೆ ಅಪ್ರಕಟಿತವೆಂಬ ಪ್ರಮಾಣಪತ್ರವನ್ನೂ ಇಟ್ಟಿರುವುದು ವಿಷಾದಕರ ಎಂದು. ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು ಇತ್ತು. ತೀರ್ಪುಗಾರರು ಇದನ್ನು ಬಹುಮಾನದ ಪಟ್ಟಿಯಲ್ಲಿ ಇರಿಸಿದ್ದರು.

ಆ ಸಾಲು ಇಲ್ಲದೆ ಹೋಗಿದ್ದರೆ ನಾನು ಅಷ್ಟು ಕೆಟ್ಟವಳಾಗುತ್ತಿರಲಿಲ್ಲವೇನೋ. ಶಾಲೆಯ ಗಂಟೆ ಹೊಡೆಯುವುದಕ್ಕೂ ಕಾಯದೆ ಪ್ರೆಸ್ಸಿಗೆ ಹೋಗಿ ಪುಸ್ತಿಕೆಯನ್ನು ಅವರ ಮುಂದೆ ಎಸೆದೆ.

“ಯಾರು ಹೇಳಿದ್ರು ನಿಮಗೆ ಇದನ್ನ ಅಚ್ಚಾಕೋದಕ್ಕೆ?”

ಮೇಸ್ತ್ರಿ ಸ್ಟಿಕ್ಕನ್ನು ಕೆಳಗಿಟ್ಟರು. “ಕೈಬರಾದಲ್ಲಿ ಕೊಟ್ರೆ ಅರ್ಜಿ ಕೊಟ್ಟಂಗೆ ಆಯ್ತದಮ್ಮ. ದೊಡ್ಡೋರು ಓದೋದು. ಅಚ್ಚಾಗಿದ್ರೆ ಅದಕ್ಕೊಂದು ಮರ್ಯಾದೆ ಅಂತ... ದಿನಾ ಸಾಯಂಕಾಲ ಒಂದೊಂದು ಪುಟ ಮಾಡ್ದೆ. ನಮ್ತಾವ ಅಷ್ಟು ಮೊಳೆ ಇಲ್ಲ ನೋಡು, ಒಂದು ಪುಟ ಒಡೆದು ಆ ಮೊಳೇಲೇ ಇನ್ನೊಂದು ಪುಟ ಕಟ್ದೆ.”

ನಾನು ಚೀಟಿ ಓದಿ ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪುಸ್ತಿಕೆಯನ್ನು ಎತ್ತಿ ಅದರ ಮೊದಲ ಪುಟವನ್ನು ಅಂಗೈಯಿಂದ ಒರೆಸಿದರು.

“ಎರಡೇ ಕಾಪಿ ಒಡ್ದಿದ್ದಮ್ಮ. ಅವ್ರಿಗೊಂದು, ನಿಂಗೊಂದು. ಅದೆಂಗೆ ಅಚ್ಚಾದಂಗೆ ಆಯ್ತದೆ?”

“ಎರಡು ಕಾಪಿ. ಅದನ್ನ ಪ್ರಕಟಣೆ ಅಂತಾರಾ? ಯಾರು ಓದಿದ್ರು ಇದನ್ನ?” ಎಂದು ಅಣಕಿಸಿದೆ.

ಅವರು ಮೆಲ್ಲಗೆ ಹೇಳಿದರು: “ನಾನು ಓದಿದ್ನಲ್ಲಮ್ಮ.”

“ನೀವು ಓದಿ ನನಗೇನಾಗ್ಬೇಕು?” ಎಂದೆ.

ಆ ಮಾತನ್ನು ನಾನೇ ಆಡಿದೆ. ಪ್ರೆಸ್ಸಿನ ಮಾಲೀಕರು ಒಳಗಿನಿಂದ ಇಣುಕಿ ನೋಡಿದರು. ಮೇಸ್ತ್ರಿ ನನ್ನ ಪಾಲಿನ ಪ್ರತಿಯನ್ನೂ ಕೈಬರಹವನ್ನೂ ಕಾಗದದಲ್ಲಿ ಸುತ್ತಿ ಮುಂದಕ್ಕೆ ಸರಿಸಿದರು. ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಹೊರಟುಬಂದೆ. ಮುಂದಿನ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಒಯ್ಯಲು ಬೇರೆಯವರನ್ನು ಕಳಿಸಿ ಎಂದು ಹೆಡ್‌ಮಾಸ್ತರಿಗೆ ಹೇಳಿಬಿಟ್ಟೆ.

ಮದುವೆ ಕಾಗದವನ್ನು ಅಣ್ಣ ಅಲ್ಲೇ ಮಾಡಿಸಿದ. ಬೇರೆ ಪ್ರೆಸ್ಸಿಗೆ ಹೋಗು ಎಂದು ಹೇಳಬಹುದಿತ್ತು, ಹೇಳಲಿಲ್ಲ. ಕಾಗದ ನೋಡಿದ ಎಲ್ಲರೂ ಇಂಥ ಅಚ್ಚು ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಬಂಗಾರಪೇಟೆಯ ಛತ್ರದಲ್ಲಿ ಮದುವೆ. ಮುಹೂರ್ತ ಮುಗಿದು ಆರತಕ್ಷತೆಗೆ ಕೂತಿದ್ದಾಗ ಸಾಲಿನ ಕೊನೆಯಲ್ಲಿ ಮೇಸ್ತ್ರಿ ಕಂಡರು. ಒಗೆದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಹತ್ತಿರ ಬಂದು ಒಂದು ಕಟ್ಟು ಕೈಗಿಟ್ಟರು. ದೊಡ್ಡ ಹಾಳೆಗಳನ್ನು ಕತ್ತರಿಸಿದಾಗ ಉಳಿಯುವ ಅಂಚುಗಳನ್ನೆಲ್ಲ ಒಟ್ಟುಮಾಡಿ, ಒಂದೇ ಅಳತೆಗೆ ಕತ್ತರಿಸಿ ಹೊಲಿದ ಬಿಳಿ ಪುಸ್ತಕಗಳು.

“ಜೋಲಾರ್‌ಪೇಟೇಲಿ ಸಿಕ್ತದೋ ಇಲ್ವೋ” ಎಂದರು.

ನಾನು ತಲೆ ಬಗ್ಗಿಸಿದೆ. ಮದುವಣಗಿತ್ತಿ ನಾಚಿಕೊಂಡಳೆಂದು ನೋಡಿದವರು ಅಂದುಕೊಂಡಿರಬೇಕು. ಕ್ಷಮಿಸಿ ಎನ್ನಬೇಕಿತ್ತು. ಹಿಂದಿನವರು ನೂಕಿದರು, ಅವರು ಪಂಕ್ತಿಯ ಕಡೆಗೆ ಹೋಗಿಬಿಟ್ಟರು.

ಗಂಡನ ಮನೆ ನಾನು ಹೆದರಿದ ಹಾಗೆ ಇರಲಿಲ್ಲ. ಮನೆಯವರಿಗೆ ನನ್ನ ಬರವಣಿಗೆ ಅರ್ಥವಾಗುತ್ತಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಆದರೆ ಕಥೆ ತೋರಿಸಲು ಸುತ್ತಮುತ್ತ ಒಬ್ಬ ನರಮನುಷ್ಯನೂ ಇರಲಿಲ್ಲ. ಬರೆದದ್ದನ್ನು ಅಡುಗೆಮನೆಯಲ್ಲಿ ಕೂತು ಒಂದೊಂದೇ ಅಕ್ಷರವಾಗಿ ತಿರುಗಿ ನಕಲು ಮಾಡುತ್ತಿದ್ದೆ, ನನ್ನ ಕೈ ಎಲ್ಲಿ ನಿಲ್ಲುತ್ತದೋ ನೋಡೋಣವೆಂದು. ನಿಲ್ಲುತ್ತಿತ್ತು. ಮೇಸ್ತ್ರಿ ಕೊಟ್ಟ ಪುಸ್ತಕದಲ್ಲಿ ಬರೆದ ಎರಡನೆಯ ಕಥೆ ಒಂದು ಮಾಸಪತ್ರಿಕೆಯ ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದು ಅಚ್ಚಾಯಿತು. ಬಹುಮಾನವಲ್ಲ, ಮೆಚ್ಚುಗೆ. ಪತ್ರಿಕೆ ಕೈಗೆ ಬಂದಾಗ ಮೊದಲು ಅನ್ನಿಸಿದ್ದು ಸಂತೋಷವಲ್ಲ, ಓಡಿಹೋಗಿ ಅವರಿಗೆ ತೋರಿಸಬೇಕೆಂಬ ಆಸೆ. ರೈಲಿನಲ್ಲಿ ಕೂತರೆ ಕೆಲವು ತಾಸಿನ ದಾರಿ. ಬಸುರಿ ಎಂದು ಮನೆಯವರು ಕಳಿಸಲಿಲ್ಲ.

ಪತ್ರಿಕೆಯನ್ನು ಪ್ರೆಸ್ಸಿನ ವಿಳಾಸಕ್ಕೆ ಕಳಿಸಿ ಒಂದು ಕಾಗದ ಬರೆದೆ. ಮನೆ, ಮಳೆ, ಅತ್ತೆಯ ಕಾಲುನೋವು, ಎಲ್ಲ ಬರೆದೆ. ಆ ದಿನದ ಮಾತಿನ ಬಗ್ಗೆ ಬರೆಯಲಿಲ್ಲ. ಎದುರಿಗೆ ನಿಂತೇ ಹೇಳಬೇಕು ಅಂದುಕೊಂಡೆ. ಅವರು ಉತ್ತರ ಬರೆಯಲಿಲ್ಲ, ಅವರಿಗೆ ಬರೆಯುವ ರೂಢಿಯೇ ಇರಲಿಲ್ಲ. ಲಕೋಟೆಯಲ್ಲಿ ಉದ್ದನೆಯ ಒಂದು ಪ್ರೂಫಿನ ಹಾಳೆ ಬಂತು. ನನ್ನ ಅಚ್ಚಾದ ಕಥೆಯನ್ನು ಮೊದಲ ಪ್ಯಾರಾದಿಂದ ಕೊನೆಯ ಪ್ಯಾರಾದವರೆಗೆ ಹೊಸದಾಗಿ ಜೋಡಿಸಿ ತೆಗೆದ ಹಾಳೆ. ಅಷ್ಟಕ್ಕೂ ಸೇರಿ ಒಂದೇ ಒಂದು ಪೆನ್ಸಿಲ್ ಚುಕ್ಕೆ ಇತ್ತು. ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕಣ್ಣೀರಿಟ್ಟೆ. ಅತ್ತೆಯವರು ತವರಿನಿಂದ ಕೆಟ್ಟ ಸುದ್ದಿ ಬಂತೆಂದು ಗಾಬರಿಯಾದರು.

ಆಮೇಲೆ ತವರಿಗೆ ಮೂರು ಸಲ ಹೋದೆ. ಬಂಗಾರಪೇಟೆಯಲ್ಲಿ ಇಳಿದು ಬೂದಿಕೋಟೆಯ ಬಸ್ಸು ಹತ್ತಿದೆ. ಗಣಿಯ ಕಡೆಗೆ ಹೋಗುವ ಗಾಡಿ ಪಕ್ಕದ ಪ್ಲಾಟ್‌ಫಾರಂನಲ್ಲಿ ನಿಂತಿರುತ್ತಿತ್ತು. ಮಗು ಅಳುತ್ತಿದೆ, ಅಮ್ಮ ಕಾಯುತ್ತಿದ್ದಾಳೆ, ಬರುವಾಗ ಹೋದರಾಯಿತು, ಹೀಗೆ ಮೂರು ಸಲವೂ ಒಂದೊಂದು ನೆವ. ನಿಜ ಏನೆಂದರೆ ಅವರೆದುರು ನಿಲ್ಲಲು ನನಗೆ ಮುಖವಿರಲಿಲ್ಲ. ಕಥೆಯಲ್ಲಾಗಿದ್ದರೆ ಆ ಮೂರು ನೆವಗಳ ಪಕ್ಕದಲ್ಲೂ ಅವರು ಚುಕ್ಕೆ ಇಡುತ್ತಿದ್ದರು.

ಅರವತ್ತರ ದಶಕ ಶುರುವಾಗಿತ್ತು. ಅಣ್ಣನ ಕಾಗದ ಬಂತು. ಅತ್ತಿಗೆಗೆ ಹುಷಾರಿಲ್ಲ, ಗಣಿಯಲ್ಲಿ ಜನ ಕಡಿಮೆ ಮಾಡುತ್ತಾರಂತೆ, ಲೈನಿನ ನಲ್ಲಿಗೆ ಬೇತಮಂಗಲದ ನೀರು ಸರಿಯಾಗಿ ಬರುತ್ತಿಲ್ಲ ಎಂದೆಲ್ಲ ಬರೆದು, ಕೊನೆಗೆ ಸಹಿ ಹಾಕುವ ಮುಂಚೆ, ಮಾರ್ಕೆಟ್ ಹಿಂದಿನ ಪ್ರೆಸ್ಸಿನ ಮೇಸ್ತ್ರಿ ತೀರಿಕೊಂಡು ತಿಂಗಳಾಯಿತು, ನಿನಗೆ ಪರಿಚಯವಿತ್ತಲ್ಲ, ಎಂದಿದ್ದ. ಅಷ್ಟೇ. ನಾನು ಕಾಗದ ಮಡಿಸಿಟ್ಟು ಅನ್ನಕ್ಕೆ ಎಸರಿಟ್ಟೆ. ನೀರು ಕುದ್ದು ಉಕ್ಕುವ ತನಕ ಅಕ್ಕಿ ಹಾಕಿಲ್ಲವೆಂದು ತಿಳಿಯಲಿಲ್ಲ.

ಈಗ ನನ್ನ ಕಥೆಗಳನ್ನು ಕೇಳಿ ತರಿಸಿಕೊಳ್ಳುವ ಪತ್ರಿಕೆಗಳಿವೆ. ಓದುಗರು ಕಾಗದ ಬರೆಯುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ. ನಂಬುವುದು ಕಷ್ಟ. ಮೂರು ದಿನ ಬರೆದು ಮುಗಿಸಿದ ಸಂಜೆ, ಇದನ್ನು ಹಿಡಿದುಕೊಂಡು ಆ ಬೀದಿಗೆ ಹೋಗಿ, ಅವರು ಗೂಡಿನ ಮುಂದೆ ನಿಂತು ಮೊದಲ ಸಾಲು ಜೋಡಿಸುವುದನ್ನು ಉಸಿರು ಬಿಗಿಹಿಡಿದು ನೋಡಬೇಕು ಎನ್ನಿಸುತ್ತದೆ. ಆ ಭಯ, ಆ ಆಸೆ ಮತ್ತೆ ಯಾರ ಮುಂದೆಯೂ ಬಂದಿಲ್ಲ.

ಹೋದ ವರ್ಷ ಬೆಂಗಳೂರಿನ ಒಬ್ಬ ಪ್ರಕಾಶಕರು ನನ್ನ ಹನ್ನೆರಡು ಕಥೆಗಳ ಸಂಕಲನ ತರಲು ಮುಂದೆ ಬಂದರು. ಪುಸ್ತಕದ ಕೊನೆಯಲ್ಲಿ ಯಾವ ಕಥೆ ಮೊದಲು ಎಲ್ಲಿ ಪ್ರಕಟವಾಯಿತು ಎಂಬ ಪಟ್ಟಿ ಬೇಕೆಂದರು. ಬೂಟಿನ ಕಥೆಯನ್ನು ನಾನು ಮತ್ತೆ ಎಲ್ಲಿಗೂ ಕಳಿಸಿರಲಿಲ್ಲ. ಅದನ್ನು ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದು, ಅದರ ಮುಂದೆ ರಾಬರ್ಟ್‌ಸನ್‌ಪೇಟೆಯ ಆ ಅಚ್ಚುಕೂಟದ ಹೆಸರು ಹಾಕಿದೆ. ಪ್ರಕಾಶಕರು ಕನ್ನಡಕ ಮೇಲೇರಿಸಿ ಕೇಳಿದರು.

“ಇದು ಯಾವ ಪತ್ರಿಕೆ ಅಮ್ಮ? ಕೇಳಿದ ಹಾಗಿಲ್ಲ. ಎಷ್ಟು ಪ್ರತಿ ಅಚ್ಚಾಗ್ತಿತ್ತು?”

“ಎರಡು” ಎಂದೆ.

ಅವರು ನಕ್ಕರು. ನಾನು ನಗದಿರುವುದನ್ನು ಕಂಡು ನಿಲ್ಲಿಸಿದರು.

“ಎರಡೇ ಪ್ರತಿ ಆದ್ರೆ ಓದುಗರು ಯಾರಮ್ಮ?”

“ಒಬ್ಬರು ಓದಿದ್ರು” ಎಂದೆ. “ಹಾಗೇ ಇರಲಿ, ಹೊಡೆದುಹಾಕಬೇಡಿ.”